ಅಮ್ಮನಿಗಾಗಿ ಸ್ಕ್ರೀನ್ ರೆಕಾರ್ಡಿಂಗ್: ಹನ್ನೆರಡು ವಾರದ ಕೆಲಸದ ಟಿಪ್ಪಣಿ

ತೀರ್ಥಹಳ್ಳಿಯಿಂದ ಹದಿನಾಲ್ಕು ಕಿಲೋಮೀಟರ್ ಒಳಗೆ ನಮ್ಮ ತೋಟದ ಮನೆ. ಅಲ್ಲಿ ಅಮ್ಮ, ಚಿಕ್ಕಮ್ಮ ಇಬ್ಬರೇ. ನಾನಿರುವುದು ಮೈಸೂರಿನಲ್ಲಿ. ಕರೆಂಟ್ ಬಿಲ್ ಕಟ್ಟಲು, ಫೋಟೊ ಕಳಿಸಲು, ವಿಡಿಯೊ ಕಾಲ್ ಮಾಡಲು, ಕನ್ನಡದಲ್ಲಿ ನಾಲ್ಕು ಸಾಲು ಮೆಸೇಜ್ ಹಾಕಲು ಅಮ್ಮ ಪಕ್ಕದ ಮನೆಯ ಹುಡುಗ ಬರುವುದನ್ನೇ ಕಾಯುತ್ತಿದ್ದಳು. 2025ರ ಜೂನ್‌ನಲ್ಲಿ ಅವನು ಓದಲು ಮಂಗಳೂರಿಗೆ ಹೋದ. ಫೋನಿನಲ್ಲೇ ಹೇಳಿಕೊಡಲು ನೋಡಿದೆ. ಫೋನ್ ಕಿವಿಗಿಟ್ಟರೆ ಪರದೆ ಕಾಣುವುದಿಲ್ಲ, ಪರದೆ ನೋಡುತ್ತಾ ಕೂತರೆ ನನ್ನ ಮಾತು ಕೇಳಿಸುವುದಿಲ್ಲ. ಸ್ಪೀಕರ್ ಹಾಕುವುದು ಹೇಗೆಂದು ಹೇಳುವುದರಲ್ಲೇ ಒಂದು ಸಂಜೆ ಕಳೆಯಿತು.

ನಾನು ಮಾಡುವುದನ್ನೇ ಪರದೆಯ ಮೇಲಿಂದ ವಿಡಿಯೊ ಮಾಡಿ ಕಳಿಸಿದರೆ ಅಮ್ಮ ಎಷ್ಟು ಸಲ ಬೇಕಾದರೂ ನೋಡಿಕೊಳ್ಳಬಹುದು ಅನ್ನಿಸಿತು. ಒಂದು ಶನಿವಾರದ ಕೆಲಸ ಅಂದುಕೊಂಡಿದ್ದೆ, ಹನ್ನೆರಡು ವಾರ ಹಿಡಿಯಿತು. ಕೆಟ್ಟದ್ದು, ಸರಿಹೋದದ್ದು ಎರಡನ್ನೂ ಆಯಾ ದಿನವೇ ಬರೆದಿಟ್ಟಿದ್ದೆ. ಊರಲ್ಲಿರುವ ಅಪ್ಪ ಅಮ್ಮನಿಗಾಗಿ ಇದೇ ಕೆಲಸಕ್ಕೆ ಕೈ ಹಾಕುವವರಿಗೆ ಉಪಯೋಗವಾದೀತು.

ಕೈಯಲ್ಲಿದ್ದ ಸಾಮಾನು: ನನ್ನ ಫೋನ್ (ಆಂಡ್ರಾಯ್ಡ್ 10, ಇಂಗ್ಲಿಷ್ ಮೆನು), ಅಮ್ಮನ ಫೋನ್ (ಆಂಡ್ರಾಯ್ಡ್ 14, ಕನ್ನಡ ಮೆನು, ದೊಡ್ಡ ಅಕ್ಷರ), ನನ್ನ ಲ್ಯಾಪ್‌ಟಾಪ್, ತಂತಿಯ ಇಯರ್‌ಫೋನ್ ಒಂದು.

ಜೂನ್ 14, ಶನಿವಾರ

ಮೊದಲ ತೊಡಕು ನನ್ನ ಫೋನಿನ ವಯಸ್ಸು. ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ರೆಕಾರ್ಡರ್ ಒಳಗೇ ಸೇರಿ ಬಂದದ್ದು 2020ರ 11ನೇ ಆವೃತ್ತಿಯಿಂದ. ಅದಕ್ಕೂ ಮೊದಲೇ ಕೆಲವು ಕಂಪನಿಗಳು ತಮ್ಮ ಫೋನುಗಳಿಗೆ ತಾವೇ ಒಂದನ್ನು ಸೇರಿಸಿದ್ದವು, ನನ್ನದರಲ್ಲಿ ಅದೂ ಇಲ್ಲ. ಹಿಂದೆ ಡಿಯು ರೆಕಾರ್ಡರ್ ಬಳಸಿದ ನೆನಪಿತ್ತು. 2020ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ನಿಷೇಧಿಸಿದ 59 ಆಪ್‌ಗಳಲ್ಲಿ ಅದೂ ಸೇರಿತ್ತು. ಬೇರೊಂದು ಉಚಿತ ಆಪ್ ಇಳಿಸಿಕೊಂಡೆ. ಪರದೆಯ ಮೂಲೆಯಲ್ಲಿ ಅದರ ಹೆಸರು ಅಚ್ಚಾಗುತ್ತಿತ್ತು, ನಿಲ್ಲಿಸಿದ ಕೂಡಲೇ ಜಾಹೀರಾತು ಬರುತ್ತಿತ್ತು, ಪರದೆಯ ಅಂಚಿಗೆ ಅಂಟಿಕೊಂಡ ಒಂದು ತೇಲುವ ಗುಂಡಿ ರೆಕಾರ್ಡಿಂಗ್‌ನಲ್ಲೂ ಕಾಣುತ್ತಿತ್ತು.

ಆ ಗುಂಡಿಯನ್ನು ಮರೆಮಾಡುವ ಸ್ವಿಚ್ ಸೆಟ್ಟಿಂಗ್ಸ್‌ನ ಒಳಗಿತ್ತು, ನನಗೆ ಸಿಕ್ಕಿದ್ದು ಎರಡು ವಾರ ಕಳೆದ ಮೇಲೆ. ಅಷ್ಟರಲ್ಲಿ ಅಮ್ಮ ಅದನ್ನು ತನ್ನ ಫೋನಿನಲ್ಲೂ ಹುಡುಕಿ ಸಾಕಾಗಿದ್ದಳು.

ಜೂನ್ 15, ಭಾನುವಾರ

ಸೆಟ್ಟಿಂಗ್ ಎಲ್ಲವನ್ನೂ ಮೇಲಿನ ತುದಿಗೆ ಇಟ್ಟೆ. ಹೆಚ್ಚು ಇದ್ದರೆ ಒಳ್ಳೆಯದು ಎಂಬ ತಪ್ಪು ತಿಳಿವಳಿಕೆ. 1080ಪಿ, ಸೆಕೆಂಡಿಗೆ 60 ಫ್ರೇಮ್ (ಬಿಡಿ ಚಿತ್ರ), ಬಿಟ್‌ರೇಟ್ (ಸೆಕೆಂಡಿಗೆ ಎಷ್ಟು ಡೇಟಾ ಎಂಬ ಅಳತೆ) 16 ಎಂಬಿಪಿಎಸ್, ಅಂದರೆ ಸೆಕೆಂಡಿಗೆ 16 ಮೆಗಾಬಿಟ್. ಕರೆಂಟ್ ಬಿಲ್, ಫೋಟೊ ಕಳಿಸುವುದು, ವಿಡಿಯೊ ಕಾಲ್ ಮೂರನ್ನೂ ಒಂದೇ ವಿಡಿಯೊದಲ್ಲಿ ತೋರಿಸಿದೆ. 4 ನಿಮಿಷ 10 ಸೆಕೆಂಡ್ ಆಯಿತು.

ವಾಟ್ಸಾಪ್‌ನಲ್ಲಿ ಮಾಮೂಲಿ ವಿಡಿಯೊದಂತೆ ಕಳಿಸಿದೆ. ಅದು ಕುಗ್ಗಿಸಿ ಕಳಿಸಿತು, ಮೆನುವಿನ ಸಣ್ಣ ಅಕ್ಷರಗಳು ಕಲಸಿಹೋದವು. ಡಾಕ್ಯುಮೆಂಟ್ ಎಂದು ಆರಿಸಿ ಕಳಿಸಿದರೆ ಮೂಲ ಗುಣಮಟ್ಟದಲ್ಲೇ ಹೋಗುತ್ತದೆ, 2 ಜಿಬಿವರೆಗಿನ ಫೈಲ್ ಹಿಡಿಸುತ್ತದೆ. ಹಾಗೆ ಕಳಿಸಿದೆ. ಫೈಲ್ ಹತ್ತಿರ ಹತ್ತಿರ 480 ಎಂಬಿ. ಅಮ್ಮನ ಮನೆಯಲ್ಲಿ ನೆಟ್‌ವರ್ಕ್ ಸಿಗುವುದು ಜಗಲಿಯ ತೆಂಕಣ ಮೂಲೆಯಲ್ಲಿ ಮಾತ್ರ. ಮಾರನೆಯ ದಿನ ಸಂಜೆ ಫೋನ್ ಮಾಡಿ, "ನಿನ್ನೆಯಿಂದ ಸುತ್ತುತ್ತಾ ಇದೆ, ಇನ್ನೂ ಸುತ್ತುತ್ತಾ ಇದೆ" ಅಂದಳು. ಅವಳ ದಿನದ ಡೇಟಾ ಎರಡು ದಿನವೂ ಇದಕ್ಕೇ ಖರ್ಚಾಯಿತು.

ಲೆಕ್ಕ ಸುಲಭ, ಮೊದಲೇ ಹಾಕಬೇಕಿತ್ತು. ಬಿಟ್‌ರೇಟನ್ನು ಎಂಟರಿಂದ ಭಾಗಿಸಿದರೆ ಸೆಕೆಂಡಿಗೆ ಎಷ್ಟು ಎಂಬಿ ಅಂತ ಸಿಗುತ್ತದೆ. 16 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 2 ಎಂಬಿ, ನಿಮಿಷಕ್ಕೆ 120 ಎಂಬಿ. 2 ಎಂಬಿಪಿಎಸ್ ಇಟ್ಟರೆ ನಿಮಿಷಕ್ಕೆ 15 ಎಂಬಿ. ಪರದೆ ಹೆಚ್ಚು ಅಲುಗದಿದ್ದರೆ ಅದಕ್ಕಿಂತಲೂ ಕಡಿಮೆ. 720ಪಿ, 24 ಫ್ರೇಮ್, 2 ಎಂಬಿಪಿಎಸ್‌ಗೆ ಇಳಿಸಿದೆ. ಒಂದು ನಿಮಿಷ ಇಪ್ಪತ್ತು ಸೆಕೆಂಡಿನ ವಿಡಿಯೊ 13 ಎಂಬಿ ಬಂತು, ಅಕ್ಷರಗಳೂ ಸ್ಪಷ್ಟ. ಮೆನು ಒತ್ತುವುದನ್ನು ತೋರಿಸಲು ಇಷ್ಟು ಧಾರಾಳ ಸಾಕು. 60 ಫ್ರೇಮ್ ಬೇಕಾಗುವುದು ಆಟ ಆಡುವುದನ್ನು ರೆಕಾರ್ಡ್ ಮಾಡುವವರಿಗೆ.

ಜೂನ್ 21, ಶನಿವಾರ

ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಬೇಸರ ತಂದ ತಪ್ಪು ಈ ದಿನದ್ದು.

ಫೋಟೊ ಕಳಿಸುವ ವಿಡಿಯೊವನ್ನು ಅಮ್ಮನಿಗಷ್ಟೇ ಅಲ್ಲದೆ ಮನೆಯವರ ಗುಂಪಿಗೂ ಹಾಕಿದೆ. ಅತ್ತಿಗೆ ಅರ್ಧ ಗಂಟೆಯಲ್ಲಿ ನನಗೊಬ್ಬಳಿಗೇ ಫೋನ್ ಮಾಡಿದರು. ರೆಕಾರ್ಡಿಂಗ್ ನಡುವೆ ಮೇಲಿನಿಂದ ಎರಡು ನೋಟಿಫಿಕೇಶನ್ ಇಳಿದುಬಂದಿದ್ದವು. ಒಂದು ಬ್ಯಾಂಕಿನ ಒಟಿಪಿ. ಇನ್ನೊಂದು ಗೆಳತಿಯ ಮನೆಯ ಖಾಸಗಿ ವಿಷಯ, ಎರಡು ಸಾಲು ಪೂರ್ತಿ ಓದಬಹುದಾಗಿತ್ತು. ನಾನು ಕಳಿಸುವ ಮೊದಲು ವಿಡಿಯೊವನ್ನು ಪೂರ್ತಿ ನೋಡಿರಲಿಲ್ಲ. ಒಟಿಪಿಯ ಆಯುಸ್ಸು ಕೆಲವೇ ನಿಮಿಷ. ಗೆಳತಿಯ ಮಾತು ಹಾಗಲ್ಲ. ವಾಟ್ಸಾಪ್‌ನಲ್ಲಿ ಎಲ್ಲರಿಗೂ ಅಳಿಸಲು ಎರಡೂವರೆ ದಿನದ ಅವಕಾಶ ಇರುವುದರಿಂದ ಅಳಿಸಿದೆ, ಅಷ್ಟರೊಳಗೆ ಆರು ಮಂದಿ ನೋಡಿಯಾಗಿತ್ತು. ಗೆಳತಿಗೆ ನಾನೇ ಫೋನ್ ಮಾಡಿ ನಡೆದದ್ದು ಹೇಳಿದೆ.

ಅಂದಿನಿಂದ ರೆಕಾರ್ಡ್ ಗುಂಡಿ ಒತ್ತುವ ಮೊದಲು ಇದು ಖಾಯಂ: ಏರೋಪ್ಲೇನ್ ಮೋಡ್ ಹಾಕಿ ವೈಫೈ ಮಾತ್ರ ಮತ್ತೆ ಆನ್ ಮಾಡುವುದು, ವೈಫೈ ಕಾಲಿಂಗ್ ಆಫ್ ಇದ್ದರೆ ಇದರಿಂದ ಮಾಮೂಲಿ ಕಾಲ್ ಮತ್ತು ಎಸ್ಸೆಮ್ಮೆಸ್ ಬರುವುದಿಲ್ಲ. ಡು ನಾಟ್ ಡಿಸ್ಟರ್ಬ್ ಹಾಕಿ, ಅದರ ಒಳಗೆ ನೋಟಿಫಿಕೇಶನ್ ಕಣ್ಣಿಗೂ ಕಾಣದಂತೆ ಮಾಡುವ ಆಯ್ಕೆಯನ್ನೂ ಆರಿಸುವುದು. ಬರೀ ಡು ನಾಟ್ ಡಿಸ್ಟರ್ಬ್ ಹಾಕಿದಾಗ ನನ್ನ ಫೋನಿನಲ್ಲಿ ಸದ್ದು ನಿಂತಿತು, ಮೇಲಿನ ಪಟ್ಟಿಯಲ್ಲಿ ಗುರುತುಗಳು ಮೂಡುವುದು ನಿಲ್ಲಲಿಲ್ಲ. ಕೊನೆಯದಾಗಿ, ಯಾರಿಗಾದರೂ ಕಳಿಸುವ ಮೊದಲು ವಿಡಿಯೊವನ್ನು ಮೊದಲಿನಿಂದ ಕೊನೆಯವರೆಗೆ ನೋಡುವುದು. ಈ ಮೂರನೆಯದಕ್ಕೆ ಬದಲಿ ಇಲ್ಲ.

ಜೂನ್ 28, ಶನಿವಾರ

ಅಮ್ಮ ವಿಡಿಯೊ ನೋಡಿ ಹೇಳಿದ್ದು: "ಅಲ್ವೇ ಮಾರಾಯ್ತಿ, ನೀನು ಎಲ್ಲಿ ಒತ್ತುತ್ತೀಯ ಅಂತಲೇ ಕಾಣಲ್ಲ. ಅದರಷ್ಟಕ್ಕೆ ಅದು ಓಡುತ್ತೆ."

ಸರಿಯಾದ ಮಾತು. ಪರದೆಯ ರೆಕಾರ್ಡಿಂಗ್‌ನಲ್ಲಿ ಬೆರಳು ಇರುವುದಿಲ್ಲ. ನನ್ನ ಕಣ್ಣಿಗೆ ಇದು ಬಿದ್ದೇ ಇರಲಿಲ್ಲ, ಏಕೆಂದರೆ ಬೆರಳು ನನ್ನದು.

ನನ್ನ ಹಳೆಯ ಫೋನಿನಲ್ಲಿ ಸುತ್ತು ದಾರಿ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರದ ಪುಟಕ್ಕೆ ಹೋಗಿ ಬಿಲ್ಡ್ ನಂಬರ್ ಮೇಲೆ ಏಳು ಸಲ ಒತ್ತಿದರೆ ಡೆವಲಪರ್ ಆಪ್ಷನ್ಸ್ ತೆರೆಯುತ್ತದೆ. ಅದರೊಳಗೆ ಶೋ ಟ್ಯಾಪ್ಸ್ ಆನ್ ಮಾಡಿದರೆ ಬೆರಳಿಟ್ಟಲ್ಲೆಲ್ಲ ಬಿಳಿ ಚುಕ್ಕಿ ಮೂಡುತ್ತದೆ. ಹೊಸ ಫೋನುಗಳಲ್ಲಿ ರೆಕಾರ್ಡ್ ಶುರು ಮಾಡುವ ಪೆಟ್ಟಿಗೆಯಲ್ಲೇ ಇದಕ್ಕೊಂದು ಸ್ವಿಚ್ ಇರುತ್ತದೆ, ಡೆವಲಪರ್ ತನಕ ಹೋಗಬೇಕಾಗಿಲ್ಲ. ಕೆಲಸ ಮುಗಿದ ಮೇಲೆ ಡೆವಲಪರ್ ಆಪ್ಷನ್ಸ್ ಆಫ್ ಮಾಡಿಬಿಡಿ. ಅದು ತೆರೆದಿದ್ದರೆ ಕೆಲವು ಬ್ಯಾಂಕ್ ಆಪ್‌ಗಳು ಕೆಲಸ ಮಾಡಲು ಒಪ್ಪುವುದಿಲ್ಲ. ನನ್ನದೂ ಒಪ್ಪಲಿಲ್ಲ, ಕಾರಣ ಹುಡುಕಲು ಒಂದು ಗಂಟೆ ಬೇಕಾಯಿತು.

ಬಿಳಿ ಚುಕ್ಕಿ ಬಿಳಿ ಪುಟದ ಮೇಲೆ ಸರಿಯಾಗಿ ಕಾಣದು. ಡಾರ್ಕ್ ಮೋಡ್ ಹಾಕಿ ನೋಡಿದೆ, ಚುಕ್ಕಿ ಚೆನ್ನಾಗಿ ಕಂಡಿತು. ಆದರೆ ಅಮ್ಮನ ಫೋನಿನ ಬಣ್ಣವೇ ಬೇರೆ, "ಇದು ಬೇರೆ ಏನೋ" ಅಂದುಬಿಟ್ಟಳು. ವಾಪಸ್ ಬಿಳಿಗೆ ಬಂದು, ಒತ್ತುವ ಮೊದಲು ಆ ಜಾಗದಲ್ಲಿ ಬೆರಳನ್ನು ಎರಡು ಸೆಕೆಂಡ್ ಸಣ್ಣಗೆ ಸುತ್ತು ಹಾಕಿಸಿ ಆಮೇಲೆ ಒತ್ತುವ ಅಭ್ಯಾಸ ಮಾಡಿಕೊಂಡೆ. ಸಣ್ಣ ಗುಂಡಿಯ ಮೇಲೆ ಹೀಗೆ ಮಾಡಲಾಗದು, ಪಕ್ಕದ ಖಾಲಿ ಜಾಗದಲ್ಲಿ ಸುತ್ತಿಸಿ ಒತ್ತಬೇಕು.

ಜುಲೈ 5 ಮತ್ತು 6

ವಿಡಿಯೊ ಕಾಲ್ ಪಾಠ. ತಂಗಿಗೆ ಕಾಲ್ ಮಾಡಿ, ಹಸಿರು ಗುಂಡಿ ಎಲ್ಲಿ, ಕ್ಯಾಮೆರಾ ತಿರುಗಿಸುವುದು ಎಲ್ಲಿ ಎಂದೆಲ್ಲ ವಿವರಿಸುತ್ತಾ ರೆಕಾರ್ಡ್ ಮಾಡಿದೆ. ಆರು ನಿಮಿಷ ಮಾತಾಡಿದ್ದೆ. ತೆಗೆದು ನೋಡಿದರೆ ಕಾಲ್ ಶುರುವಾದ ಕ್ಷಣದಿಂದ ಮೌನ. ನನ್ನ ದನಿಯೂ ಇಲ್ಲ, ತಂಗಿಯದೂ ಇಲ್ಲ. ಎರಡನೆಯ ಸಲ, ಮೂರನೆಯ ಸಲ, ಆಪ್ ಬದಲಿಸಿ ನಾಲ್ಕನೆಯ ಸಲ. ಅದೇ ಮೌನ.

ಆಂಡ್ರಾಯ್ಡ್ ಕಾಲ್‌ನ ಸದ್ದನ್ನು ಸ್ಕ್ರೀನ್ ರೆಕಾರ್ಡರ್‌ಗೆ ಬಿಟ್ಟುಕೊಡುವುದಿಲ್ಲ. ಕಾಲ್ ನಡೆಯುವಾಗ ಮೈಕ್ ಕೂಡ ಕಾಲ್‌ಗೇ ಮೀಸಲು. ಹಾಡು, ಆಟದಂಥ ಫೋನಿನ ಒಳಗಿನ ಸದ್ದನ್ನು ಬೇರೆ ಆಪ್‌ಗಳು ಹಿಡಿಯಲು ಅವಕಾಶ ಬಂದದ್ದು ಆಂಡ್ರಾಯ್ಡ್ 10ರಿಂದ, ಅದರಲ್ಲೂ ಕಾಲ್ ಸೇರಿಲ್ಲ. ಒಬ್ಬರ ಮಾತನ್ನು ಅವರಿಗೆ ತಿಳಿಯದಂತೆ ಹಿಡಿದಿಡಬಾರದು ಎಂಬ ಈ ಏರ್ಪಾಡು ನನಗೆ ಒಪ್ಪಿಗೆಯೇ. ನನ್ನ ಭಾನುವಾರ ಹೋದದ್ದು ಮಾತ್ರ ನಿಜ.

ದಾರಿ: ಮೂಕ ವಿಡಿಯೊ ಇಟ್ಟುಕೊಂಡು ದನಿಯನ್ನು ಬೇರೆಯಾಗಿ ರೆಕಾರ್ಡ್ ಮಾಡಿ ಲ್ಯಾಪ್‌ಟಾಪ್‌ನಲ್ಲಿ ಶಾಟ್‌ಕಟ್ ಎಂಬ ವಿಡಿಯೊ ಎಡಿಟ್ ಸಾಫ್ಟ್‌ವೇರ್‌ನಿಂದ ಕೂಡಿಸುವುದು. ಕೂಡಿಸಿದೆ. ಶುರುವಿನಲ್ಲಿ ಸರಿಯಾಗಿದ್ದ ದನಿ ಕೊನೆಗೆ ಬರುವಷ್ಟರಲ್ಲಿ ಎರಡು ಸೆಕೆಂಡ್ ಹಿಂದೆ ಬಿದ್ದಿತ್ತು. "ಕೆಂಪು ಗುಂಡಿ ಒತ್ತು" ಎನ್ನುವ ಹೊತ್ತಿಗೆ ಕಾಲ್ ಮುಗಿದೇ ಹೋಗಿತ್ತು. ಫೋನಿನ ರೆಕಾರ್ಡಿಂಗ್‌ಗಳಲ್ಲಿ ಫ್ರೇಮ್ ದರ ಒಂದೇ ಸಮ ಇರುವುದಿಲ್ಲ, ಪರದೆ ಸುಮ್ಮನಿದ್ದಾಗ ಕಡಿಮೆ, ಓಡಿದಾಗ ಹೆಚ್ಚು. ಎಡಿಟ್ ಮಾಡುವ ಸಾಫ್ಟ್‌ವೇರ್‌ಗಳು ಇಲ್ಲಿ ಲೆಕ್ಕ ತಪ್ಪುತ್ತವೆ. ಫೈಲ್ ತೆರೆದಾಗ ಶಾಟ್‌ಕಟ್ ಇದನ್ನೇ ಹೇಳಿ, ಎಡಿಟ್‌ಗೆ ಒಗ್ಗುವಂತೆ ಬದಲಿಸಲೇ ಎಂದು ಕೇಳಿತ್ತು. ನಾನು ಓದದೆ ಬೇಡ ಎಂದು ಒತ್ತಿದ್ದೆ. ಹ್ಯಾಂಡ್‌ಬ್ರೇಕ್ ಎಂಬ ವಿಡಿಯೊ ಪರಿವರ್ತಿಸುವ ಸಾಫ್ಟ್‌ವೇರ್‌ನಲ್ಲಿ ಕಾನ್‌ಸ್ಟಂಟ್ ಫ್ರೇಮ್‌ರೇಟ್ (ಒಂದೇ ಸಮನಾದ ಫ್ರೇಮ್ ದರ) ಆರಿಸಿ ಪರಿವರ್ತಿಸಿದ ಮೇಲೆ ದನಿ ಚಿತ್ರ ಎರಡೂ ಕೂಡಿಕೊಂಡವು.

ಜುಲೈ 12, ಶನಿವಾರ

ಬಿಲ್ ಕಟ್ಟುವ ಪಾಠ. ನನ್ನದೇ ಮನೆಯ ಬಿಲ್ ಕಟ್ಟುತ್ತಾ ರೆಕಾರ್ಡ್ ಮಾಡಿದೆ. ಯುಪಿಐ ಪಿನ್ ಹಾಕುವ ಪುಟ ಬಂದದ್ದೇ ಪರದೆ ಕಪ್ಪು. ಫೋನ್ ಕೆಟ್ಟಿಲ್ಲ, ಆಪ್ ಕೆಟ್ಟಿಲ್ಲ. ಯಾವ ಪುಟವನ್ನು ಯಾರೂ ಸೆರೆಹಿಡಿಯಬಾರದು ಎಂದು ಗುರುತು ಹಾಕುವ ಹಕ್ಕು ಆಪ್ ಮಾಡಿದವರಿಗೆ ಇದೆ. ಹಾಗೆ ಗುರುತು ಹಾಕಿದ ಪುಟ ರೆಕಾರ್ಡಿಂಗ್‌ನಲ್ಲಿ ಕಪ್ಪಾಗಿ ಬೀಳುತ್ತದೆ, ಸ್ಕ್ರೀನ್‌ಶಾಟ್ ಕೂಡ ಬರುವುದಿಲ್ಲ. ದುಡ್ಡು ಕೊಟ್ಟು ನೋಡುವ ಸಿನಿಮಾ ಆಪ್‌ಗಳಲ್ಲೂ ಇದೇ. ಇದನ್ನು ತಪ್ಪಿಸುವ ಉಪಾಯ ಹೇಳಿಕೊಡುವವರು ಸಿಗುತ್ತಾರೆ, ಅದರ ತಂಟೆಗೆ ಹೋಗಬೇಡಿ. ಕಾವಲು ಇರುವುದು ನಮ್ಮ ದುಡ್ಡಿಗೆ.

ಅದಕ್ಕಿಂತ ದೊಡ್ಡ ತಪ್ಪು ಬೇರೆ ಇತ್ತು. ಮೈಸೂರಿನಲ್ಲಿ ಕರೆಂಟ್ ಕೊಡುವುದು ಚೆಸ್ಕಾಂ, ತೀರ್ಥಹಳ್ಳಿ ಕಡೆ ಮೆಸ್ಕಾಂ. ವಿಡಿಯೊದಲ್ಲಿ ನಾನು ಚೆಸ್ಕಾಂ ಒತ್ತಿದ್ದೆ, ಅಮ್ಮ ಅದನ್ನೇ ಒತ್ತಿ ತನ್ನ ಅಕೌಂಟ್ ಐಡಿ ಹಾಕಿದಳು. ಅಂಥ ಗ್ರಾಹಕರಿಲ್ಲ ಎಂದು ಬಂತು. ಐಡಿ ಹಾಕುವ ಪುಟವಾದರೂ ನನ್ನ ವಿಡಿಯೊದಲ್ಲಿತ್ತೇ ಎಂದರೆ, ಇರಲಿಲ್ಲ. ನನ್ನ ಫೋನಿನಲ್ಲಿ ಅದು ಹಿಂದೆಯೇ ಸೇವ್ ಆಗಿದ್ದರಿಂದ ಆ ಹೆಜ್ಜೆಯನ್ನು ಆಪ್ ಹಾರಿಸಿಬಿಟ್ಟಿತ್ತು. ಅವಳು ಆ ಪುಟವನ್ನು ತಾನೇ ದಾಟಿದ್ದಳು, ಹದಿನೈದು ನಿಮಿಷ ಹಿಡಿದಿತ್ತು.

ಆ ರಾತ್ರಿ ಫೋನಿನಲ್ಲಿ ಅಮ್ಮ ಮೆಲ್ಲಗೆ ಹೇಳಿದಳು: "ನೀನು ಮಾಡಿದ್ದು ಚೆನ್ನಾಗೇ ಇದೆ ಮಗಾ. ಆದ್ರೆ ಅದು ನನ್ ಫೋನ್ ಅಲ್ವಲ್ಲ."

ಈ ಒಂದು ಮಾತಿನ ಮೇಲೆ ಮುಂದಿನ ಕೆಲಸವೆಲ್ಲ ಬದಲಾಯಿತು. ಅವಳದು ಕನ್ನಡ ಮೆನು, ನನ್ನದು ಇಂಗ್ಲಿಷ್. ಅವಳ ಅಕ್ಷರ ದೊಡ್ಡದು, ಹಾಗಾಗಿ ನನ್ನ ಪರದೆಯಲ್ಲಿ ಕಣ್ಣೆದುರೇ ಇರುವ ಗುಂಡಿ ಅವಳಲ್ಲಿ ಕೆಳಗೆ ಸರಿದು ಮರೆಯಾಗಿರುತ್ತದೆ. ಅವಳ ಆಪ್‌ಗಳು ಇರುವ ಜಾಗ ಬೇರೆ, ಕೊನೆಗೆ ಹಿಂದಕ್ಕೆ ಹೋಗುವ ಬಗೆಯೂ ಬೇರೆ. ನಾನು ಅಂಚಿನಿಂದ ಎಳೆಯುತ್ತೇನೆ, ಅವಳಿಗೆ ಕೆಳಗೆ ಮೂರು ಗುಂಡಿಗಳಿವೆ.

ಜುಲೈ 19, ಶನಿವಾರ

ಅತ್ತಿಗೆಯ ಐಪ್ಯಾಡ್‌ನಲ್ಲಿ ಪ್ರಯತ್ನಿಸಿದೆ. 2017ರ ಐಒಎಸ್ 11ರಿಂದ ಆಪಲ್ ಸಾಧನಗಳಲ್ಲಿ ರೆಕಾರ್ಡರ್ ಒಳಗೇ ಇದೆ. ಕಂಟ್ರೋಲ್ ಸೆಂಟರ್‌ಗೆ ಆ ಗುಂಡಿ ಸೇರಿಸಿಕೊಂಡರೆ ಸಾಕು. ಮೈಕ್ ಬೇಕಾದರೆ ಗುಂಡಿಯನ್ನು ಒತ್ತಿ ಹಿಡಿದು ಆನ್ ಮಾಡಬೇಕು, ಒಮ್ಮೆ ಮರೆತು ಮತ್ತೆ ಮಾಡಿದೆ. ಚಿತ್ರ ಸೊಗಸಾಗಿ ಬಂತು. ಅಮ್ಮನ ಫೋನಿಗೂ ಇದಕ್ಕೂ ಹೋಲಿಕೆಯೇ ಇಲ್ಲದ್ದರಿಂದ ಅಲ್ಲಿಗೇ ಬಿಟ್ಟೆ. ಲ್ಯಾಪ್‌ಟಾಪ್‌ಗೆ ಫೋನ್ ಜೋಡಿಸಿ ಎಡಿಬಿಯ (ಲ್ಯಾಪ್‌ಟಾಪ್‌ನಿಂದ ಆಂಡ್ರಾಯ್ಡ್ ಫೋನಿಗೆ ಆದೇಶ ಕೊಡುವ ಸಾಧನ) ಸ್ಕ್ರೀನ್‌ರೆಕಾರ್ಡ್ ಆದೇಶದಿಂದಲೂ ರೆಕಾರ್ಡ್ ಮಾಡಬಹುದು. ನನ್ನ ಹಳೆಯ ಫೋನಿನಲ್ಲಿ ಮೂರು ನಿಮಿಷಕ್ಕೆ ತಾನಾಗಿ ನಿಲ್ಲುತ್ತಿತ್ತು, ಸದ್ದು ಬರುತ್ತಿರಲಿಲ್ಲ. ಅದೂ ಬೇಡವಾಯಿತು.

ದೊಡ್ಡಪ್ಪನ ಮಗ ಒಂದು ಸಲಹೆ ಕೊಟ್ಟ. ಪರದೆ ಹಂಚಿಕೊಳ್ಳುವ ಆಪ್ ಒಂದನ್ನು ಅಮ್ಮನ ಫೋನಿಗೆ ಹಾಕಿಸು, ಮೈಸೂರಿನಿಂದಲೇ ಎಲ್ಲ ಮಾಡಬಹುದು ಅಂದ. ನಾನು ಒಪ್ಪಲಿಲ್ಲ. ಅಂಥ ಆಪ್ ಹಾಕಿಸಿ ಖಾತೆ ಖಾಲಿ ಮಾಡುವ ಮೋಸದ ಬಗ್ಗೆ ರಿಸರ್ವ್ ಬ್ಯಾಂಕ್ 2019ರಲ್ಲೇ ಎಚ್ಚರಿಸಿತ್ತು. ಯಾರೋ ಫೋನ್ ಮಾಡಿ "ಈ ಆಪ್ ಹಾಕಿ, ನಂಬರ್ ಓದಿ ಹೇಳಿ" ಅಂದಾಗ ಅಮ್ಮನ ಕೈ ಹಿಂದೆ ಸರಿಯಬೇಕು. ನಾನೇ ಹಾಗೆ ಮಾಡಿಸಿ ರೂಢಿ ಮಾಡಿದರೆ ಆ ಅಳುಕು ಅಳಿಸಿಹೋಗುತ್ತದೆ.

ಆಗಸ್ಟ್ 15ರಿಂದ 17, ಊರಿನಲ್ಲಿ

ಮೂರು ದಿನ ರಜೆ ಒಟ್ಟಿಗೆ ಸಿಕ್ಕಿತು. ಆಶ್ಲೇಷ ಮಳೆ ಮುಗಿದು ಮಘೆ ಹಿಡಿಯುವ ಹೊತ್ತು, ಬಿಡದೆ ಸುರಿಯುತ್ತಿತ್ತು. ಈ ಸಲ ಅಮ್ಮನ ಫೋನಿನಲ್ಲೇ ರೆಕಾರ್ಡ್ ಮಾಡುವುದೆಂದು ತೀರ್ಮಾನಿಸಿ ಹೋಗಿದ್ದೆ.

ಗುಂಡಿ ಹೊರತೆಗೆಯುವುದು. ಮೇಲಿನಿಂದ ಎರಡು ಸಲ ಕೆಳಕ್ಕೆ ಎಳೆದರೆ ವೈಫೈ, ಟಾರ್ಚ್ ಇರುವ ಚೌಕಗಳು ಬರುತ್ತವೆ. ಅಲ್ಲಿರುವ ಪೆನ್ಸಿಲ್ ಗುರುತು ಒತ್ತಿದರೆ ಕೆಳಗೆ ಬಳಸದೆ ಉಳಿದ ಚೌಕಗಳ ರಾಶಿ. ಅದರಲ್ಲಿ ಸ್ಕ್ರೀನ್ ರೆಕಾರ್ಡ್ ಎಂಬುದನ್ನು ಒತ್ತಿ ಹಿಡಿದು ಮೇಲಕ್ಕೆ ಎಳೆದು ಟಾರ್ಚ್‌ನ ಪಕ್ಕ ಕೂರಿಸಿದೆ. ಅಮ್ಮನಿಗೆ ಟಾರ್ಚ್ ಎಲ್ಲಿದೆ ಎಂದು ಕತ್ತಲಲ್ಲೂ ಗೊತ್ತು. ಒತ್ತಿದಾಗ ಬರುವ ಪೆಟ್ಟಿಗೆಯಲ್ಲಿ ಸದ್ದಿಗೆ ಮೈಕ್ ಆರಿಸಿ, ಮುಟ್ಟಿದ ಜಾಗ ತೋರಿಸುವ ಸ್ವಿಚ್ ಆನ್ ಮಾಡಿದೆ. ಅವಳ ಫೋನಿನ ರೆಕಾರ್ಡರ್‌ನಲ್ಲಿ ಬಿಟ್‌ರೇಟ್ ಆರಿಸಲು ಬರುವುದಿಲ್ಲ, 720ಪಿ ಆರಿಸಬಹುದು, ಅಷ್ಟು ಸಾಕು. ಫೈಲ್ ಇನ್ನು ಊರಿಂದೂರಿಗೆ ಹೋಗಬೇಕಾಗಿಯೇ ಇಲ್ಲ.

ಸದ್ದು. ಹೆಂಚಿನ ಮೇಲೆ ಬೀಳುವ ಮಳೆ ಎದುರು ಯಾವ ಮೈಕೂ ನಿಲ್ಲದು. ಜಗಲಿಯಲ್ಲಿ, ಅಡುಗೆ ಮನೆಯಲ್ಲಿ, ಉಪ್ಪರಿಗೆಯಲ್ಲಿ ಮಾಡಿ ನೋಡಿದೆ. ಉಪ್ಪರಿಗೆಯದು ಅತಿ ಕೆಟ್ಟದ್ದು. ಮೈಸೂರಿನಿಂದ ತಂದಿದ್ದ ₹450ರ ಕಾಲರ್ ಮೈಕ್ ಅಮ್ಮನ ಫೋನಿಗೆ ನೇರ ಕೂರದೆ, ₹250ರ ಟೈಪ್ ಸಿ ಕನೆಕ್ಟರ್ ಹಾಕಿದರೂ ಫೋನ್ ಅದನ್ನು ಮೈಕ್ ಎಂದು ಗುರುತಿಸಲಿಲ್ಲ. ಕೊನೆಗೆ ಒದಗಿದ್ದು ಹಾಸಿಗೆ ಕಂಬಳಿ ಪೇರಿಸಿಡುವ ಒಳಕೋಣೆ. ಬಾಗಿಲು ಹಾಕಿ, ಎರಡು ಹಾಸಿಗೆ ಗೋಡೆಗೆ ಒರಗಿಸಿ, ಅವುಗಳ ನಡುವೆ ಕೂತೆವು. ಮಳೆಯ ಸದ್ದು ದೂರದ ಹೊಳೆಯಷ್ಟು ತಗ್ಗಿತು. ಫೋನಿನದೇ ಮೈಕ್ ಸಾಕಾಯಿತು.

ಮೊದಲ ಎರಡು ರೆಕಾರ್ಡಿಂಗ್‌ನಲ್ಲಿ ಫೋನ್ ನನ್ನ ಕೈಯಲ್ಲಿತ್ತು. ಮೂರನೆಯದಕ್ಕೆ ಮೊದಲು ಚಿಕ್ಕಮ್ಮ ಬಾಗಿಲಲ್ಲಿ ನಿಂತು, "ಅಕ್ಕನ ಕೈಗೇ ಕೊಡೇ, ನೀನು ಹೇಳು, ಅವಳು ಮಾಡಲಿ" ಅಂದಳು. ಕೊಟ್ಟೆ. ನನ್ನ ಬೆರಳು ಒಂದು ಸೆಕೆಂಡ್ ನಿಲ್ಲುವ ಕಡೆ ಅಮ್ಮನ ಬೆರಳು ನಾಲ್ಕು ಸೆಕೆಂಡ್ ನಿಲ್ಲುತ್ತದೆ. ಅವಳು ಓದಿ, ಖಚಿತ ಮಾಡಿಕೊಂಡು ಒತ್ತುತ್ತಾಳೆ. ಆ ವಿಡಿಯೊವನ್ನು ಅವಳೇ ನೋಡಿದಾಗ ಎಲ್ಲೂ ನಿಲ್ಲಿಸಬೇಕಾಗಲಿಲ್ಲ, ವೇಗ ಅವಳದ್ದೇ ಆಗಿತ್ತು.

ಮಾತೂ ಹಾಗೆಯೇ. "ಮೆನು ಓಪನ್ ಮಾಡು" ಎಂದು ನಾನು ಹೇಳಿದ್ದನ್ನು ಅವಳು "ಮೂರು ಚುಕ್ಕಿ ಒತ್ತು" ಅಂದಳು. ನನ್ನ ಅಟ್ಯಾಚ್‌ಮೆಂಟ್ ಅವಳಿಗೆ "ಸೇಫ್ಟಿ ಪಿನ್ನಿನ ಥರದ್ದು". ನನ್ನ ಸೆಂಡ್ "ಹಸಿರು ಬಾಣ". ಆಮೇಲೆ ನಾನು ಮಾತನ್ನೇ ನಿಲ್ಲಿಸಿದೆ. ಮಾಡುವವಳೂ ಹೇಳುವವಳೂ ಅಮ್ಮನೇ, ತಪ್ಪಿದರೆ ಮಾತ್ರ ನಾನು ಮುಟ್ಟಿ ತೋರಿಸುವುದು ಎಂದಾಯಿತು.

ಇಲ್ಲಿ ಇನ್ನೊಂದು ತಪ್ಪು ನಡೆಯಿತು, ದಯವಿಟ್ಟು ಗಮನಿಸಿ. ಬಿಲ್ ಕಟ್ಟುವಾಗ ಪಿನ್ ಪುಟ ಕಪ್ಪಾಗಿ ಬೀಳುತ್ತದೆಂದು ನಾನು ಧೈರ್ಯವಾಗಿದ್ದೆ. ಅಮ್ಮ ಅಂಕಿಗಳನ್ನು ಒತ್ತುತ್ತಾ ಒಂದೊಂದನ್ನೂ ಬಾಯಲ್ಲಿ ಹೇಳಿದಳು. ಚಿತ್ರ ಕಪ್ಪು, ದನಿ ಸ್ಪಷ್ಟ. ಆ ವಿಡಿಯೊ ಅಳಿಸಿದೆ. ಗ್ಯಾಲರಿಯಲ್ಲಿ ಅಳಿಸಿದ್ದು ಕಸದ ಬುಟ್ಟಿಯಲ್ಲಿ 30 ದಿನ ಉಳಿಯುತ್ತದೆ, ಅಲ್ಲಿಂದಲೂ ತೆಗೆದೆ. ಪಿನ್ ಕೂಡ ಬದಲಿಸಿದೆವು. ಎರಡನೆಯ ಸಲ ಅವಳೇ ಆ ಜಾಗದಲ್ಲಿ ಹೇಳಿದ್ದು ಹೀಗೆ: "ಈಗ ಕಪ್ಪಾಗುತ್ತೆ, ಗಾಬರಿ ಬೇಡ. ನಂಬರ್ ಮನಸ್ಸಲ್ಲೇ ಹೇಳ್ಕೊಂಡು ಹಾಕು. ಆಮೇಲೆ ಸರಿ ಗುರುತು." ಒಂಬತ್ತು ಸೆಕೆಂಡಿನ ಆ ಕತ್ತಲೆಯನ್ನು ಹಾಗೇ ಉಳಿಸಿದ್ದೇನೆ.

ವಿಡಿಯೊ ಕಾಲ್ ಪಾಠಕ್ಕೆ ಮೌನದ ತೊಡಕು ಇದ್ದೇ ಇತ್ತು. ಕಾಲ್ ಹೋಗುವವರೆಗಿನ ಭಾಗ ಮಾತ್ರ ರೆಕಾರ್ಡ್ ಮಾಡಿ, ಕಾಲ್ ನಡೆಯುವಾಗಿನ ಗುಂಡಿಗಳನ್ನು ಕಾಗದದ ಮೇಲೆ ಬಣ್ಣದ ಪೆನ್ಸಿಲಿನಲ್ಲಿ ಬರೆದುಕೊಟ್ಟೆ. ಅದು ಈಗ ಅಡುಗೆ ಮನೆಯ ಕ್ಯಾಲೆಂಡರ್ ಪಕ್ಕದಲ್ಲಿದೆ.

ಮೂರು ದಿನದಲ್ಲಿ ಏಳು ವಿಡಿಯೊ ನಿಂತವು. ಅತಿ ಚಿಕ್ಕದು 38 ಸೆಕೆಂಡ್, ದೊಡ್ಡದು ಬಿಲ್ಲಿನದು, 2 ನಿಮಿಷ 5 ಸೆಕೆಂಡ್. ಒಂದು ವಿಡಿಯೊಗೆ ಒಂದೇ ಕೆಲಸ. ಗೂಗಲ್ ಫೋಟೋಸ್‌ನಲ್ಲಿ ಎರಡೂ ತುದಿ ಕತ್ತರಿಸಿದೆ, ಇಲ್ಲದಿದ್ದರೆ ಪ್ರತಿಯೊಂದೂ ಚೌಕಗಳ ಪರದೆಯಿಂದ ಶುರುವಾಗಿ ಅಮ್ಮನಿಗೆ ಗೊಂದಲ. ತಾರೀಖು, ಗಂಟೆಗಳ ಅಂಕಿಸರವೇ ಫೈಲಿನ ಹೆಸರಾಗಿ ಕೂತಿತ್ತು. ಫೈಲ್ಸ್ ಆಪ್‌ನಲ್ಲಿ "1 ಕರೆಂಟ್ ಬಿಲ್", "2 ಫೋಟೊ ಕಳಿಸುವುದು" ಎಂದು ಕನ್ನಡದಲ್ಲೇ ಹೆಸರಿಟ್ಟೆ.

ಹೊರಡುವ ಹಿಂದಿನ ರಾತ್ರಿ ಹೊಸ ಸಮಸ್ಯೆ. ವಿಡಿಯೊ ನೋಡುತ್ತಾ ಅದೇ ಫೋನಿನಲ್ಲಿ ಕೆಲಸ ಮಾಡುವುದು ಹೇಗೆ? ಅಮ್ಮ ವಿಡಿಯೊ ಮುಚ್ಚಿ ಆಪ್ ತೆರೆಯುವಷ್ಟರಲ್ಲಿ ಎರಡನೆಯ ಹೆಜ್ಜೆ ಮರೆತಿರುತ್ತಿದ್ದಳು. ನನ್ನ ಹಳೆಯ ಆಂಡ್ರಾಯ್ಡ್ 10 ಫೋನನ್ನು ಸಿಮ್ ತೆಗೆದು, ನನ್ನ ಖಾತೆಗಳನ್ನೆಲ್ಲ ಅಳಿಸಿ ಅಲ್ಲೇ ಬಿಟ್ಟು ಬಂದೆ. ನನಗೆ ಹೇಗೂ ಹೊಸದು ಬೇಕಿತ್ತು. ಏಳೂ ವಿಡಿಯೊಗಳನ್ನು ಕ್ವಿಕ್ ಶೇರ್‌ನಿಂದ ಒಂದರಿಂದ ಇನ್ನೊಂದಕ್ಕೆ ಕಳಿಸಿದೆ, ಇಂಟರ್ನೆಟ್ ಬೇಕಾಗಲಿಲ್ಲ, ಎರಡು ನಿಮಿಷದ ಕೆಲಸ. ಈಗ ಹಳೆಯ ಫೋನ್ ಗೋಡೆಗೆ ಒರಗಿ ಪಾಠ ಹೇಳುತ್ತದೆ, ಅಮ್ಮ ತನ್ನ ಫೋನ್ ಕೈಯಲ್ಲಿ ಹಿಡಿದು ಮಾಡುತ್ತಾಳೆ.

ಕೊನೆಗೆ ಒಂದು ಮಾತು ಕಲಿಸಿ ಬಂದೆ. ರೆಕಾರ್ಡ್ ಆಗುವಾಗ ಪರದೆಯ ಮೇಲ್ತುದಿಯಲ್ಲಿ ಒಂದು ಗುರುತು ಕಾಣುತ್ತದೆ. ತಾನು ಶುರು ಮಾಡದೆ ಆ ಗುರುತು ಕಂಡರೆ ಏನನ್ನೂ ಒತ್ತದೆ ಫೋನ್ ಸ್ವಿಚ್ ಆಫ್ ಮಾಡಿ, ಚಿಕ್ಕಮ್ಮನ ಫೋನಿನಿಂದ ನನಗೆ ಕರೆ. ದುಡ್ಡು ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ.

ಖರ್ಚು

ಕಾಲರ್ ಮೈಕ್ ₹450, ಕನೆಕ್ಟರ್ ₹250, ಎರಡೂ ವ್ಯರ್ಥ. ಹಳೆಯ ಫೋನಿಗೆ ಬಿದ್ದುಹೋಗದಂಥ ಸ್ಟ್ಯಾಂಡ್ ₹120, ಚಾರ್ಜರ್ ₹300. ಬಳಸಿದ ಸಾಫ್ಟ್‌ವೇರ್ ಎಲ್ಲ ಉಚಿತ. ಇದೇ ಕೆಲಸ ಮತ್ತೆ ಮಾಡುವುದಾದರೆ ಮೈಕ್ ಕೊಳ್ಳುವುದಿಲ್ಲ, ಆ ದುಡ್ಡಿಗೆ ಬಸ್ ಟಿಕೆಟ್ ತೆಗೆಸಿ ಜೂನ್‌ನಲ್ಲೇ ಊರಿಗೆ ಹೋಗುತ್ತೇನೆ.

ಆಗಸ್ಟ್ 26, ಗೌರಿ ಹಬ್ಬ

ಬೆಳಗ್ಗೆ 7.40ಕ್ಕೆ ಅಮ್ಮನಿಂದ ಫೋಟೊ ಬಂತು, ಮಂಟಪ, ಬಾಗಿನ, ಚಿಕ್ಕಮ್ಮನ ಅರ್ಧ ಮುಖ. ಕೆಳಗೆ ಕನ್ನಡದಲ್ಲಿ ದನಿಯಿಂದ ಬರೆಸಿದ ಸಾಲು. "ಕಡುಬು" ಎಂದದ್ದು ಬೇರೆ ಏನೋ ಆಗಿತ್ತು, ಉಳಿದದ್ದು ಸರಿಯಿತ್ತು.

ಸೆಪ್ಟೆಂಬರ್ 6, ಶನಿವಾರ

ಸಂಜೆ ಅಮ್ಮನಿಂದ ಒಂದು ವಿಡಿಯೊ ಬಂತು. 47 ಸೆಕೆಂಡ್. ತೆರೆದು ನೋಡಿದರೆ ಅವಳ ಫೋನಿನ ಪರದೆ, ಮುಟ್ಟಿದಲ್ಲೆಲ್ಲ ಬಿಳಿ ಚುಕ್ಕಿ. ಹಿಂದೆ ಕುಕ್ಕರ್ ಕೂಗು, ಅದರ ಮೇಲೆ ಅವಳ ದನಿ: "ನೋಡು, ಇದು ಬರ್ತಾ ಇದೆ. ಬೆಳಗ್ಗಿಂದ ನಾಲ್ಕು ಸಲ ಬಂತು. ನಾನು ಒತ್ತಿಲ್ಲ."

ಬಂದಿದ್ದದ್ದು ಫೋನಿಗೆ ವೈರಸ್ ಬಂದಿದೆ, ಈಗಲೇ ಸ್ವಚ್ಛ ಮಾಡಿ ಎಂಬ ಸುಳ್ಳು ನೋಟಿಫಿಕೇಶನ್. ರೆಕಾರ್ಡಿಂಗ್ ನಿಲ್ಲಿಸಿ ನೋಡಿದಾಗ ಅದರ ಮೇಲೆ ಬ್ರೌಸರ್‌ನ ಗುರುತು, ಒಂದು ವೆಬ್‌ಸೈಟಿನ ಹೆಸರು ಎರಡೂ ಓದಲು ಸಿಕ್ಕವು. ಯಾವಾಗಲೋ ಆ ಸೈಟ್ ಅನುಮತಿ ಕೇಳಿದಾಗ ಒಪ್ಪಿಗೆ ಒತ್ತಿಹೋಗಿರಬೇಕು. "ಏನೋ ಬರ್ತಾ ಇದೆ" ಎಂದು ಫೋನಿನಲ್ಲಿ ಹೇಳಿದ್ದರೆ ಇದನ್ನು ಕಂಡುಹಿಡಿಯಲು ನನಗೆ ಆಗುತ್ತಿರಲಿಲ್ಲ.

ಆ ನೋಟಿಫಿಕೇಶನ್ ಮೇಲೆ ಬೆರಳು ಒತ್ತಿ ಹಿಡಿದರೆ ಬರುವ ಆಯ್ಕೆಯಿಂದ ಆ ಸೈಟನ್ನು ನಿಲ್ಲಿಸಲು ಹೇಳಿದೆ. ಹತ್ತು ನಿಮಿಷದಲ್ಲಿ ಮುಗಿಯಿತು. ಅರ್ಧ ಗಂಟೆ ಬಿಟ್ಟು ಇನ್ನೊಂದು ವಿಡಿಯೊ ಬಂತು, 31 ಸೆಕೆಂಡ್, ಅದನ್ನು ನಿಲ್ಲಿಸಿದ ಬಗೆ, ಅವಳದೇ ಮಾತಿನಲ್ಲಿ. ಹಳೆಯ ಫೋನಿಗೂ ಹಾಕಿಕೊಂಡಿದ್ದಾಳೆ, "8 ಸುಳ್ಳು ವೈರಸ್" ಎಂದು ಹೆಸರಿಟ್ಟು.